ಕಿಪ್ಸ್ ಬೇ ದಡ ಮತ್ತು ನಮ್ಮ ಹೊಸಂಗಡಿ ಘಾಟಿ: ಸೇನೆ ಇಳಿದ ಜಾಗವನ್ನು ಓದುವ ಬಗೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವ ನೆಪದಲ್ಲಿ ನಿಮ್ಮ ಭಾನುವಾರದ ಪುರವಣಿ ನ್ಯೂಯಾರ್ಕಿನ ಕಿಪ್ಸ್ ಬೇ ಬಗ್ಗೆ ಒಂದು ಪುಟ ಮೀಸಲಿಟ್ಟಿದ್ದು ಸಂತೋಷ. ಆದರೆ 1776ರ ಸೆಪ್ಟೆಂಬರ್ 15ರಂದು ಅಲ್ಲಿ ನಡೆದದ್ದನ್ನು ಲೇಖನ ಎರಡೇ ಮಾತಿನಲ್ಲಿ ಮುಗಿಸಿದೆ: ಬ್ರಿಟಿಷ್ ಹಡಗುಗಳು ಗುಂಡಿನ ಮಳೆಗರೆದವು, ಕನೆಕ್ಟಿಕಟ್‌ನ ರೈತ ಸೈನಿಕರು ಹೆದರಿ ಓಡಿದರು. ನಡೆದದ್ದು ಇಷ್ಟೇ ಆಗಿದ್ದರೆ ವಾಷಿಂಗ್ಟನ್ನರ ಸೇನೆಯ ಒಂದು ದೊಡ್ಡ ಭಾಗ ಅಂದು ಸಂಜೆಯೊಳಗೆ ಸೆರೆಯಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ದೋಣಿಗಳ ಲೆಕ್ಕ ಹಾಕಿದರೆ ತಿಳಿಯುತ್ತದೆ. ಅದೇ ಲೆಕ್ಕ ನಮ್ಮ ಕುಂದಾಪುರ, ಹೊಸಂಗಡಿ ಘಾಟಿ, ‘ನಗರ’ ಎಂಬ ಊರಿನ (ಹಳೆಯ ಬಿದನೂರಿನ) ಕೋಟೆಗೂ ಅನ್ವಯಿಸುತ್ತದೆ. ಏಕೆಂದರೆ 1783ರ ಜನವರಿಯಲ್ಲಿ ನಮ್ಮ ಘಾಟಿ ಹತ್ತಿದ ಬ್ರಿಟಿಷ್ ಸೇನೆ ಬಂದದ್ದು ಅದೇ ಯುದ್ಧದ ಮತ್ತೊಂದು ಕೊನೆಯಿಂದ. ಲೇಖನದಲ್ಲಿ ಇದರ ಸುಳಿವೇ ಇಲ್ಲದ್ದರಿಂದ ಈ ಪತ್ರ.

ಮೊದಲು ಜಾಗದ ವಿಚಾರ. ಕಿಪ್ಸ್ ಬೇ ಎಂಬ ಕೊಲ್ಲಿ ಈಗ ಇಲ್ಲ. ಮ್ಯಾನ್‌ಹಟನ್ ದ್ವೀಪದ ಪೂರ್ವ ದಡದಲ್ಲಿ, ಇಂದಿನ 34ನೇ ಬೀದಿಯ ಆಸುಪಾಸಿನಲ್ಲಿ, ಕಿಪ್ ಎಂಬ ಡಚ್ ಮನೆತನದ ಜಮೀನಿನ ಮುಂದೆ ನೀರು ಒಳಕ್ಕೆ ಬಾಗಿದ್ದ ಜಾಗ ಅದು. ಮಣ್ಣು ತುಂಬಿ ಕಟ್ಟಡ ಕಟ್ಟಿದ್ದರಿಂದ ದಡವೇ ಮುಂದಕ್ಕೆ ಸರಿದಿದೆ, ಬಡಾವಣೆಗೆ ಹೆಸರು ಮಾತ್ರ ಉಳಿದಿದೆ. ಅದರ ಮುಂದೆ ಹರಿಯುವ ಈಸ್ಟ್ ರಿವರ್ ಹೆಸರಿಗೆ ನದಿ, ನಿಜದಲ್ಲಿ ಎರಡು ಕಡೆಯೂ ಸಮುದ್ರಕ್ಕೆ ತೆರೆದ ಜಲಸಂಧಿ. ಉಬ್ಬರ ಇಳಿತಕ್ಕೆ ತಕ್ಕಂತೆ ಅದರ ನೀರು ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸುತ್ತದೆ, ಸೆಳೆತವೂ ಜೋರು. ಸೆಳೆತ ಎದುರಾದಾಗ ಹುಟ್ಟು ಹಾಕುವ ದೋಣಿ ಎದುರು ದಡ ಸೇರುವಷ್ಟರಲ್ಲಿ ಗುರಿಯಿಂದ ಬಹಳ ದೂರ ಸರಿದಿರುತ್ತದೆ. ಹಾಗಾಗಿ ಅಲ್ಲಿ ಇಳಿಯುವ ಗಂಟೆಯನ್ನು ಸೇನಾಪತಿಗಿಂತ ಮೊದಲು ನೀರು ತೀರ್ಮಾನಿಸುತ್ತದೆ.

ಇನ್ನು ದೋಣಿ. 1757ರಲ್ಲಿ ಫ್ರಾನ್ಸಿನ ರೋಶ್‌ಫೋರ್ ಮೇಲಿನ ದಂಡಯಾತ್ರೆ ಕೆಟ್ಟ ಮೇಲೆ, ಹಡಗಿನ ಸಾಮಾನ್ಯ ದೋಣಿಗಳಲ್ಲಿ ಸೇನೆ ಇಳಿಸಲು ಆಗದು ಎಂದು ಬ್ರಿಟಿಷ್ ನೌಕಾದಳ 1758ರಲ್ಲಿ ಅದಕ್ಕೆಂದೇ ಚಪ್ಪಟೆ ತಳದ ದೋಣಿ ಮಾಡಿಸಿತು. ದೊಡ್ಡ ಮಾದರಿ ಸುಮಾರು 36 ಅಡಿ ಉದ್ದ, 10 ಅಡಿ ಅಗಲ, 20 ಹುಟ್ಟು. ತುಂಬಿದಾಗಲೂ ನೀರಿನೊಳಗೆ ಮುಳುಗುವುದು ಸುಮಾರು ಎರಡು ಅಡಿ. ನಡುವೆ ಐವತ್ತರಷ್ಟು ಸೈನಿಕರು ಒತ್ತೊತ್ತಾಗಿ, ಬಂದೂಕನ್ನು ಮೊಣಕಾಲ ನಡುವೆ ನೆಟ್ಟಗೆ ಹಿಡಿದು ಕೂರುತ್ತಾರೆ. ಅಡ್ಡ ಹಲಗೆಗಳನ್ನು ತೆಗೆದರೆ ತಟ್ಟೆ ಜೋಡಿಸಿದಂತೆ ಒಂದರೊಳಗೊಂದು ಇಟ್ಟು ಹಡಗಿನ ಮೇಲೆ ಸಾಗಿಸಬಹುದು. ದಡ ಮುಟ್ಟುವ ಮೊದಲೇ ಹಿಂಭಾಗದಿಂದ ಸಣ್ಣ ಲಂಗರು ಬಿಡುವುದು ನಿಯಮ. ಅದನ್ನು ಮರೆತರೆ ಅಲೆ ದೋಣಿಯನ್ನು ದಡಕ್ಕೆ ಅಡ್ಡಲಾಗಿ ತಿರುಗಿಸುತ್ತದೆ, ನೀರು ಒಳನುಗ್ಗುತ್ತದೆ, ಮದ್ದು ನೆನೆಯುತ್ತದೆ. ಜೊತೆಗೆ, ಜನ ಇಳಿದ ಮೇಲೆ ದೋಣಿಯನ್ನು ಹಿಂದಕ್ಕೆ ಎಳೆದುಕೊಳ್ಳಲು ಇರುವುದೂ ಅದೇ ಲಂಗರಿನ ಹಗ್ಗ. ಹಗ್ಗ ಇಲ್ಲದಿದ್ದರೆ ದೋಣಿ ಮರಳಲ್ಲಿ ಕೂತು ಎರಡನೇ ಸರದಿಗೆ ಸಿಗುವುದಿಲ್ಲ. ದೋಣಿಗಳು ಗುಂಪು ಗುಂಪಾಗಿ, ಬಣ್ಣದ ಬಾವುಟದ ಗುರುತಿನ ಮೇಲೆ, ಸಾಲು ತಪ್ಪದೆ ಬರಬೇಕು. ಸಾಲು ತಪ್ಪಿದರೆ ಒಂದೇ ತುಕಡಿಯ ಜನ ನಾಲ್ಕು ಕಡೆ ಇಳಿಯುತ್ತಾರೆ. ಅವರನ್ನು ಒಟ್ಟುಗೂಡಿಸುವ ಆ ಕಾಲು ಗಂಟೆಯಲ್ಲೇ ಎದುರಾಳಿ ಅವರನ್ನು ಹೊಡೆಯಬಹುದು.

ದೋಣಿಯಷ್ಟೇ ಮುಖ್ಯ ನೀರಿನ ಆಳ ಅಳೆದು ನೋಡುವುದು. ಕಿಪ್ಸ್ ಬೇಗೆ ಮೂರು ತಿಂಗಳ ಹಿಂದೆ, 1776ರ ಜೂನಿನಲ್ಲಿ, ಕಿಪ್ಸ್ ಬೇಯಲ್ಲಿ ಸೇನೆ ಇಳಿಸಿದ ಇದೇ ಬ್ರಿಟಿಷ್ ಜನರಲ್ ಕ್ಲಿಂಟನ್ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಮುಂದೆ ಪಾಠ ಕಲಿತಿದ್ದ. ಸಲಿವನ್ಸ್ ದ್ವೀಪದ ಕೋಟೆ ಹಿಡಿಯಲು ಪಕ್ಕದ ದ್ವೀಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಇಳಿಸಿದ. ಎರಡು ದ್ವೀಪಗಳ ನಡುವಿನ ಕಾಲುವೆ ಇಳಿತದಲ್ಲಿ 18 ಅಂಗುಲ ಆಳ, ನಡೆದೇ ದಾಟಬಹುದು ಎಂಬ ಮಾಹಿತಿ ನಂಬಿದ್ದ. ಇಳಿದ ಮೇಲೆ ನೋಡಿದರೆ ಏಳು ಅಡಿ. ಚಪ್ಪಟೆ ದೋಣಿ ಇದ್ದದ್ದು ಹದಿನೈದು, ಒಂದು ಸಲಕ್ಕೆ ಆರೇಳುನೂರು ಜನಕ್ಕಷ್ಟೇ ಸಾಲುವಷ್ಟು. ಜೂನ್ 28ರಂದು ಹಡಗುಗಳು ಕೋಟೆಯೊಡನೆ ದಿನವಿಡೀ ಗುಂಡಿನ ಕಾಳಗ ನಡೆಸಿದಾಗ ಆ ಸೇನೆ ದ್ವೀಪದಲ್ಲೇ ಉಳಿಯಿತು. ಪಾಮೆಟೊ ತಾಳೆಯ ಮೆದು ದಿಮ್ಮಿ ಮತ್ತು ಮರಳು ತುಂಬಿದ ಕೋಟೆಗೋಡೆ ಗುಂಡನ್ನು ನುಂಗಿಕೊಂಡಿತು. ಮೂರು ಹಡಗುಗಳು ಮರಳದಿಬ್ಬಕ್ಕೆ ಕೂತವು, ಅದರಲ್ಲಿ ಒಂದನ್ನು ಸುಡಬೇಕಾಯಿತು. ಇಡೀ ಯೋಜನೆ ಕೆಟ್ಟದ್ದು ಒಂದು ಕಾಲುವೆಯ ಆಳವನ್ನು ಕೋಲು ಇಳಿಸಿ ನೋಡದ್ದರಿಂದ.

ಆಗಸ್ಟ್ 22ಕ್ಕೆ ಲಾಂಗ್ ಐಲ್ಯಾಂಡಿನ ಗ್ರೇವ್‌ಸೆಂಡ್ ಕೊಲ್ಲಿಯಲ್ಲಿ ಅದೇ ಸೇನೆ ಇಳಿದ ರೀತಿ ನೋಡಿ. ಕಮೊಡೋರ್ ಹೋಥಮ್ ಕೈಯಲ್ಲಿ 75 ಚಪ್ಪಟೆ ದೋಣಿ, 11 ಬಟೋ (ಅದೂ ಒಂದು ಬಗೆಯ ಚಪ್ಪಟೆ ತಳದ ದೋಣಿ), ಎರಡು ಗ್ಯಾಲಿ (ಹುಟ್ಟಿನ ದೊಡ್ಡ ನಾವೆ). ದೋಣಿಗೆ ಐವತ್ತರಂತೆ ಗುಣಿಸಿದರೆ ಒಂದು ಸರದಿಗೆ ನಾಲ್ಕು ಸಾವಿರದ ಚಿಲ್ಲರೆ. ಬೆಳಿಗ್ಗೆಯೇ ನಾಲ್ಕು ಸಾವಿರ ಜನ ದಡದಲ್ಲಿದ್ದರು, ಮಧ್ಯಾಹ್ನಕ್ಕೆ 15,000 ಜನ ಮತ್ತು 40 ತೋಪು. ಅಂದರೆ ಪ್ರತಿ ದೋಣಿ ಮೂರು ನಾಲ್ಕು ಸಲ ಹೋಗಿ ಬಂದಿದೆ. ಎದುರಿಗಿದ್ದ ಪೆನ್ಸಿಲ್ವೇನಿಯಾದ ಇನ್ನೂರರಷ್ಟು ರೈಫಲ್‌ಧಾರಿಗಳು ಹೊಲದ ತೆನೆ, ಹುಲ್ಲಿನ ಬಣವೆಗೆ ಬೆಂಕಿಯಿಟ್ಟು ಹಿಂದೆ ಸರಿದರು. ನಮ್ಮಲ್ಲಿ ಇದನ್ನು ಹೇಡಿತನ ಎನ್ನುವವರಿದ್ದಾರೆ. ನನಗೆ ಅದು ಇಳಿದವರ ಹೊಟ್ಟೆ ಮತ್ತು ಅವರ ಕುದುರೆಯ ಮೇವಿನ ಮೇಲೆ ಹೊಡೆದ ಪೆಟ್ಟಾಗಿ ಕಾಣುತ್ತದೆ. ಗ್ರೇವ್‌ಸೆಂಡ್ ಹಿಂದೆ ಬಯಲು ಹೊಲ, ಒಳ್ಳೆಯ ದಾರಿ ಇತ್ತು. ಐದೇ ದಿನಕ್ಕೆ, ಆಗಸ್ಟ್ 27ರಂದು, ಲಾಂಗ್ ಐಲ್ಯಾಂಡಿನದೇ ಜಮೈಕಾ ಎಂಬ ಕಾವಲಿಲ್ಲದ ಕಣಿವೆ ದಾರಿಯಲ್ಲಿ ಬಳಸಿ ಬಂದು ಬ್ರಿಟಿಷರು ಗೆದ್ದರು. ಎರಡು ರಾತ್ರಿ ಕಳೆದು ಮಾರ್ಬಲ್‌ಹೆಡ್‌ನ ಮೀನುಗಾರರು ಹುಟ್ಟು ಹಾಕಿದ ದೋಣಿಗಳಲ್ಲಿ, ಮಂಜಿನ ಮರೆಯಲ್ಲಿ, ವಾಷಿಂಗ್ಟನ್ 9,000 ಜನರನ್ನು ಈಸ್ಟ್ ರಿವರಿನ ಆಚೆ ದಡಕ್ಕೆ ದಾಟಿಸಿದರು. ಅವರು ದಾಟಿ ಸೇರಿದ ಮ್ಯಾನ್‌ಹಟನ್ನೇ ಕಿಪ್ಸ್ ಬೇ ಇದ್ದ ದ್ವೀಪ.

ಸೆಪ್ಟೆಂಬರ್ 15ರ ಬೆಳಗ್ಗೆ ಐದು ಹಡಗುಗಳು ದಡದಿಂದ ಇನ್ನೂರು ಗಜದೊಳಗೆ ಲಂಗರು ಹಾಕಿದ್ದವು: ಫೀನಿಕ್ಸ್ 44 ತೋಪು, ರೋಬಕ್ 44, ಓರ್ಫಿಯಸ್ 32, ಕಾರಿಸ್‌ಫೋರ್ಟ್ 28, ರೋಸ್ 20. ಒಟ್ಟು 168. ಒಂದು ಮಗ್ಗುಲಿಗೆ ಅದರ ಅರ್ಧ, 84 ತೋಪು. ಹನ್ನೊಂದರ ಹೊತ್ತಿಗೆ ಶುರುವಾದ ಹೊಡೆತ ಸುಮಾರು ಒಂದು ಗಂಟೆ ನಡೆಯಿತು. ದಡದಲ್ಲಿ ಕರ್ನಲ್ ಡಗ್ಲಸ್ ಕೈಕೆಳಗೆ ಐನೂರರಷ್ಟು ಜನ. ಅವರ ಕಂದಕ ಎಂದರೆ ಆಳವಿಲ್ಲದ ಒಂದು ಚರಂಡಿ, ಅದರ ಮುಂದೆ ರಾಶಿ ಹಾಕಿದ ಮಣ್ಣು. ಕೈಯಲ್ಲಿದ್ದ ಬಂದೂಕಿನ ಗುರಿ ನೂರು ಗಜ ದಾಟಿದರೆ ನೆಚ್ಚುವಂತಿಲ್ಲ. ಹಡಗು ಮುಟ್ಟದ ಬಂದೂಕು, ದೋಣಿ ಕಾಣದಷ್ಟು ಹೊಗೆ. ಆ ಹೊಗೆಯೊಳಗಿಂದ ಎದುರು ದಡದ ನ್ಯೂಟೌನ್ ಕ್ರೀಕ್ ಎಂಬ ತೊರೆಯ ಕಡೆಯ 80ಕ್ಕೂ ಹೆಚ್ಚು ದೋಣಿಗಳು ನಾಲ್ಕು ಸಾವಿರ ಜನರನ್ನು ಹೊತ್ತು ಬಂದವು. ಅವರನ್ನು ಹೇಡಿಗಳೆಂದು ಬರೆಯುವ ಮೊದಲು ಲೇಖಕರು ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕಿತ್ತು. ಅಲ್ಲಿ ಬೇಕಿದ್ದದ್ದು ದಡದಲ್ಲೊಂದು ಚರಂಡಿಯಲ್ಲ, ಹಡಗಿನ ತೋಪು ಕಾಣದ ದಿಣ್ಣೆಯ ಹಿಂದೆ ತಾಜಾ ತುಕಡಿ, ಇಳಿದವರು ಸಾಲು ಕಟ್ಟುವ ಮೊದಲೇ ಮೇಲೆ ಬೀಳಲು.

ಲೇಖನ ಬಿಟ್ಟ ಮುಖ್ಯ ಸಂಗತಿ ಮುಂದಿನದು. ದಡದ ಹಿಂದಿನ ಇಂಕ್ಲೆನ್‌ಬರ್ಗ್ ದಿಣ್ಣೆಯನ್ನು, ಅಂದರೆ ಇಂದಿನ ಮರ್ರೇ ಹಿಲ್ ಅನ್ನು, ಹಿಡಿದು ಮಿಕ್ಕವರು ಬರುವವರೆಗೆ ಕಾಯಿರಿ ಎಂಬುದು ಕ್ಲಿಂಟನ್‌ಗೆ ಇದ್ದ ಆಜ್ಞೆ. ಮಿಕ್ಕವರು 9,000. ದೋಣಿಗಳ ಅಳತೆಯಲ್ಲಿ ಅದು ಎರಡು ಸರದಿಗೂ ಹೆಚ್ಚು. ಅವರು ಪೂರ್ತಿ ಬಂದು ಸೇರುವಾಗ ಸಂಜೆ ಐದಾಗಿತ್ತು. ದ್ವೀಪದ ಅಗಲ ಅಲ್ಲಿ ಮೂರು ಕಿ.ಮೀ. ಚಿಲ್ಲರೆ. ಅಷ್ಟು ದೂರ ಅಡ್ಡ ನಡೆದು ಪಶ್ಚಿಮ ದಡದ ದಾರಿ ಕಟ್ಟಿದ್ದರೆ ಕೆಳಗೆ ಊರಿನಲ್ಲಿದ್ದ ಅಮೆರಿಕದ ಜನರಲ್ ಪುಟ್‌ನಮ್‌ನ ಮೂರೂವರೆ ಸಾವಿರ ಜನ ಸಿಕ್ಕಿಬೀಳುತ್ತಿದ್ದರು. ಕಟ್ಟಲಿಲ್ಲ. ದಾರಿ ಬಲ್ಲ ಯುವ ಅಧಿಕಾರಿ ಏರನ್ ಬರ್ ಮುಂದೆ ನಡೆದು ಅವರನ್ನು ಪಶ್ಚಿಮದ ಅಂಚಿನಲ್ಲೇ ಹಾರ್ಲೆಮ್ ದಿಣ್ಣೆಗೆ ಕರೆದೊಯ್ದ. ಆ ದಿಣ್ಣೆಯ ಮೇಲಿನ ಮನೆಯ ಶ್ರೀಮತಿ ಮರ್ರೇ ಬ್ರಿಟಿಷ್ ಅಧಿಕಾರಿಗಳಿಗೆ ವೈನ್, ಕೇಕ್ ಕೊಟ್ಟು ಕೂರಿಸಿಕೊಂಡದ್ದರಿಂದ ಸೇನೆ ತಪ್ಪಿಸಿಕೊಂಡಿತು ಎಂದು ನಿಮ್ಮ ಲೇಖನ ಹೇಳುತ್ತದೆ. ಕಥೆ ಚೆನ್ನಾಗಿದೆ, ಆದರೆ ಹದಿಮೂರು ಸಾವಿರ ಜನ ನಿಂತದ್ದು ಆಜ್ಞೆಗಾಗಿ ಮತ್ತು ದೋಣಿಗಾಗಿ. ಮಾರನೆಯ ದಿನವೇ ಹಾರ್ಲೆಮ್ ದಿಣ್ಣೆಯಲ್ಲಿ ಅಮೆರಿಕನ್ನರು ಬ್ರಿಟಿಷರನ್ನು ಹಿಮ್ಮೆಟ್ಟಿಸಿದರು.

ಹಾಗಾದರೆ ಸೇನೆ ಇಳಿದ ಜಾಗ ಎಂದರೆ ಮರಳಿನ ಪಟ್ಟಿ ಮಾತ್ರವಲ್ಲ. ಹಡಗು ನಿಲ್ಲುವ ಆಳ, ದೋಣಿ ಬರುವ ನೀರು, ಮರಳು, ಅದರ ಹಿಂದಿನ ಮೊದಲ ದಿಣ್ಣೆ, ಅಲ್ಲಿಂದ ಅನ್ನ ಸಿಗುವ ಊರಿಗೆ ಹೋಗುವ ದಾರಿ, ಇಷ್ಟೂ ಸೇರಿ ಒಂದು ಜಾಗ. ಮಲೆನಾಡಿನವರಿಗೆ ಇದು ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮಲ್ಲಿ ಆ ಮೊದಲ ದಿಣ್ಣೆ ಎರಡು ಸಾವಿರ ಅಡಿಯ ಘಾಟಿ.

ಅಮೆರಿಕದ ಯುದ್ಧ ಇಲ್ಲಿಗೆ ಬಂದದ್ದು ಹೀಗೆ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿತು. ಕೂಡಲೇ ಕಂಪನಿ ಸರ್ಕಾರ ಭಾರತದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದು 1779ರಲ್ಲಿ ಮಾಹೆಯನ್ನೂ ಹಿಡಿಯಿತು. ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದದ್ದು ಮಾಹೆಯಿಂದ, ಅದು ತನ್ನ ರಕ್ಷಣೆಯಲ್ಲಿದೆ ಎಂದು ಆತ ಮೊದಲೇ ಎಚ್ಚರಿಸಿದ್ದ. 1780ರ ಜುಲೈನಲ್ಲಿ ಆತ ಕರ್ನಾಟಿಕಕ್ಕೆ, ಅಂದರೆ ಕಂಪನಿಯ ಪರವಿದ್ದ ಆರ್ಕಾಟ್ ನವಾಬನ ಸೀಮೆಗೆ, ಇಳಿದ. ಆತನ ಹೆಸರು ಅಮೆರಿಕಕ್ಕೂ ಮುಟ್ಟಿತ್ತು: 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿದ. ಬಾರ್ನಿ ನಡೆಸುತ್ತಿದ್ದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಆಲಿ’. ನಮ್ಮ ಶಾಲಾ ಪಠ್ಯದಲ್ಲಿ ಎರಡನೇ ಮೈಸೂರು ಯುದ್ಧ ಒಂದು ಪಾಠ, ಅಮೆರಿಕದ ಕ್ರಾಂತಿ ಇನ್ನೊಂದು ಪಾಠ. ಎರಡರ ನಡುವಿನ ಈ ಹೊಲಿಗೆಯನ್ನು ಮಕ್ಕಳಿಗೆ ಯಾರೂ ತೋರಿಸುವುದಿಲ್ಲ.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಮಲಬಾರಿನ ಪೊನ್ನಾನಿಯ ಬಳಿ ಇದ್ದ ಟಿಪ್ಪು ಪೂರ್ವಕ್ಕೆ ಧಾವಿಸಿದ್ದರಿಂದ ಪಶ್ಚಿಮ ಕರಾವಳಿ ಸಡಿಲವಾಯಿತು. ಬೊಂಬಾಯಿ ಸರ್ಕಾರ ಜನರಲ್ ಮ್ಯಾಥ್ಯೂಸ್‌ನನ್ನು ಹಡಗಿನಲ್ಲಿ ಕಳಿಸಿತು. ಕುಮಟಾ ಬಳಿಯ ಮಿರ್ಜಾನ್ ಸೀಮೆಯಲ್ಲಿ ಇಳಿದ ಸೇನೆ 1783ರ ಜನವರಿ ಮೊದಲ ವಾರದಲ್ಲಿ ಹೊನ್ನಾವರ ಕೋಟೆಯನ್ನು ಒಡೆದು ಹಿಡಿಯಿತು. ಮೊದಲು ಕರಾವಳಿಯ ಕೋಟೆಗಳನ್ನು ಭದ್ರಮಾಡಿಕೊಂಡು ಆಮೇಲೆ ಮೇಲೇರೋಣ ಎಂಬುದು ಮ್ಯಾಥ್ಯೂಸ್‌ನ ಅಭಿಪ್ರಾಯ. ನೇರ ಬಿದನೂರಿಗೆ, ಅಂದರೆ ಹೈದರ್‌ನಗರಕ್ಕೆ (ಇಂದಿನ ನಗರಕ್ಕೆ), ಹೋಗು ಎಂಬುದು ಬೊಂಬಾಯಿಯ ಆಜ್ಞೆ. ಆಜ್ಞೆಗೆ ತಲೆಬಾಗಿ ಕುಂದಾಪುರಕ್ಕೆ ಬಂದ.

ಕುಂದಾಪುರವೇ ಯಾಕೆ? ನಗರದಿಂದ ಹೊಸಂಗಡಿ ಘಾಟಿ ಇಳಿದು ಸಿದ್ದಾಪುರದ ಮೇಲೆ ಬರುವ ದಾರಿ ಮುಗಿಯುವುದೇ ಅಲ್ಲಿ. ಕೆಳದಿ ಅರಸರ ಕಾಲದಿಂದ ಮಲೆನಾಡಿನ ಮೆಣಸು, ಅಡಿಕೆ ಇಳಿದದ್ದು, ಉಪ್ಪು ಹತ್ತಿದ್ದು ಈ ಸೀಮೆಯ ದಾರಿಗಳಲ್ಲೇ. ಪಕ್ಕದ ಬಸರೂರು ಅವರ ದೊಡ್ಡ ಬಂದರು. ಆದರೆ ಗಂಗೊಳ್ಳಿ ಅಳಿವೆಯ ಬಾಯಲ್ಲಿ ಮರಳದಿಬ್ಬ. ದೊಡ್ಡ ಹಡಗು ಹೊರಗೆ ತೆರೆದ ಕಡಲಲ್ಲಿ ನಿಂತು, ಸರಕು ಮತ್ತು ಜನ ದೋಣಿಯಲ್ಲಿ ಉಬ್ಬರ ನೋಡಿಕೊಂಡು ಒಳಬರಬೇಕು. ಜನವರಿಯಲ್ಲಿ ಇದು ಸಾಧ್ಯ: ಬೆಳಿಗ್ಗೆ ನೆಲದ ಕಡೆಯ ಗಾಳಿ, ಕಡಲು ಶಾಂತ, ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಅಳಿವೆಯಲ್ಲಿ ಅಲೆ ಒಡೆಯಲು ಶುರು. ಜೂನ್ ಬಂತೆಂದರೆ ಬಂದರು ಮುಚ್ಚಿತು, ಸೆಪ್ಟೆಂಬರ್‌ವರೆಗೆ ಹಾಯಿಹಡಗಿನ ನೆರವು ನಂಬುವ ಹಾಗಿಲ್ಲ. ಜನವರಿಯಲ್ಲಿ ಇಳಿದವನ ಕೈಯಲ್ಲಿ ಇರುವುದು ಐದೇ ತಿಂಗಳು.

ಜನವರಿ ಕೊನೆಯ ವಾರ ಸೇನೆ ಘಾಟಿ ಹತ್ತಿತು. ದಾರಿಯುದ್ದಕ್ಕೂ ಒಂದರ ಮೇಲೊಂದು ತಡೆಗೋಡೆ, ತೋಪಿನ ಕಟ್ಟೆ, ನೆತ್ತಿಯಲ್ಲಿ ಹೈದರ್‌ಗಡ ಕೋಟೆ. ಕಿಪ್ಸ್ ಬೇಯಲ್ಲಿ ಮಾಡಿದ ಹಾಗೆ ಹಡಗಿನ ತೋಪಿನಿಂದ ದಾರಿ ಗುಡಿಸಲು ಇಲ್ಲಿ ಆಗದು. ಸ್ಕಾಟ್ಲೆಂಡಿನ 42ನೇ ಹೈಲ್ಯಾಂಡರ್ ಪಡೆ ಮತ್ತು ಸಿಪಾಯಿಗಳು ಬಯೊನೆಟ್ ಹಿಡಿದೇ ಒಂದೊಂದು ಕಟ್ಟೆ ದಾಟಿದರು. ಘಾಟಿ ಬಿದ್ದ ಕೂಡಲೇ, ಟಿಪ್ಪುವಿನೊಡನೆ ಮನಸ್ತಾಪವಿದ್ದ ನಗರದ ಆಡಳಿತಗಾರ ಅಯಾಜ್ ಕೋಟೆಯನ್ನು ಒಪ್ಪಿಸಿಬಿಟ್ಟ. ಫೆಬ್ರವರಿಯಲ್ಲಿ ಸಾಗರ ಸೀಮೆಯ ಆನಂದಪುರ ಕೋಟೆ ಹಿಡಿದಾಗ ಒಳಗಿದ್ದವರನ್ನು ಕೊಂದರು. ಆ ಊರಿನಲ್ಲಿ ಅದರ ಗುರುತಿಗೆ ಒಂದು ಕಲ್ಲಾದರೂ ಇರಬೇಕು. ಮಾರ್ಚ್ 9ಕ್ಕೆ ಮಂಗಳೂರೂ ಅವರದಾಯಿತು.

ಇಲ್ಲಿಗೆ ಗೆಲುವಿನ ಕಥೆ ಮುಗಿದು ಅಕ್ಕಿಯ ಲೆಕ್ಕ ಶುರುವಾಗುತ್ತದೆ. ಒಬ್ಬನಿಗೆ ದಿನಕ್ಕೆ ಒಂದು ಕೆ.ಜಿ. ಧಾನ್ಯ ಎಂದಿಟ್ಟುಕೊಂಡರೆ ಸಾವಿರ ಜನಕ್ಕೆ ದಿನಕ್ಕೆ ಹತ್ತು ಕ್ವಿಂಟಾಲ್. ಘಾಟಿಯ ಏರಿನಲ್ಲಿ ಹೇರೆತ್ತು ಒಂದು ಕ್ವಿಂಟಾಲ್ ಹೊತ್ತರೆ ಹೆಚ್ಚು. ಕುಂದಾಪುರಕ್ಕೆ ಹೋಗಿ ಬರಲು ಒಂದು ವಾರ ಹಿಡಿದರೆ ಸಾವಿರ ಜನಕ್ಕೆ ಅಕ್ಕಿಗೆಂದೇ ಎಪ್ಪತ್ತು ಎತ್ತು ಸದಾ ದಾರಿಯಲ್ಲಿರಬೇಕು. ಮದ್ದು, ಗುಂಡು, ಗಾಯಾಳುಗಳು ಬೇರೆ. ಆ ದಾರಿ ಹಾದುಹೋಗುವುದು ಒಂದೇ ಘಾಟಿಯಲ್ಲಿ. ಮ್ಯಾಥ್ಯೂಸ್ ತನ್ನ ಸೇನೆಯನ್ನು ಹತ್ತಾರು ಕೋಟೆಗಳಿಗೆ ಹಂಚಿಬಿಟ್ಟಿದ್ದ. ಕೋಟೆಯಲ್ಲಿ ಸಿಕ್ಕ ಹಣದ ಹಂಚಿಕೆಯ ಜಗಳದಲ್ಲಿ ಹಿರಿಯ ಅಧಿಕಾರಿಗಳು ದೂರು ಹೊತ್ತು ಬೊಂಬಾಯಿಗೆ ಹೋಗಿದ್ದರು. ಏಪ್ರಿಲ್‌ನಲ್ಲಿ ಫ್ರೆಂಚ್ ತುಕಡಿಯ ಜೊತೆ ಬಂದ ಟಿಪ್ಪು ನಗರದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತ ಕೂರಲಿಲ್ಲ. ಒಂದು ಪಡೆ ಕವಲೇದುರ್ಗ ಮತ್ತು ಹೈದರ್‌ಗಡವನ್ನು ಹಿಡಿದು ಕರಾವಳಿಯ ದಾರಿ ಕತ್ತರಿಸಿತು, ಇನ್ನೊಂದು ನಗರವನ್ನು ಸುತ್ತುವರಿಯಿತು. ತಿಂಗಳ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ, ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ನ್ಯೂಯಾರ್ಕಿನಲ್ಲಿ ಬ್ರಿಟಿಷ್ ಮಹಾದಂಡನಾಯಕ ಹೋವ್ ಕತ್ತರಿಸದೆ ಬಿಟ್ಟ ದಾರಿಯನ್ನು ಟಿಪ್ಪು ಇಲ್ಲಿ ಮೊದಲ ದಿನಗಳಲ್ಲೇ ಕತ್ತರಿಸಿದ. ನನ್ನ ಮಟ್ಟಿಗೆ ಈ ಎರಡು ಜಾಗಗಳನ್ನು ಒಟ್ಟಿಗೆ ಓದಬೇಕಾದ ಕಾರಣ ಇದೇ.

ಇನ್ನೊಂದು ದಿನಾಂಕವನ್ನೂ ಗಮನಿಸಬೇಕು. ಬ್ರಿಟನ್ ಮತ್ತು ಫ್ರಾನ್ಸ್ ವರ್ಸೇಲ್ಸ್‌ನಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು 1783ರ ಜನವರಿ 20. ಹೊಸಂಗಡಿ ಘಾಟಿಯಲ್ಲಿ ಜನ ಸತ್ತದ್ದು ಅದರ ನಂತರದ ದಿನಗಳಲ್ಲಿ. ಸುದ್ದಿ ಇಲ್ಲಿಗೆ ಮುಟ್ಟುವಾಗ ಮಳೆಗಾಲ ಬಂದಿತ್ತು, ಟಿಪ್ಪು ಮಂಗಳೂರನ್ನು ಮುತ್ತಿದ್ದ. ಜೊತೆಗಿದ್ದ ಫ್ರೆಂಚರು ಕತ್ತಿ ಒರೆಗೆ ಹಾಕಿದರು. ಮಂಗಳೂರು ಒಪ್ಪಂದವಾದದ್ದು 1784ರ ಮಾರ್ಚ್ 11ರಂದು.

ನಿಮ್ಮ ಓದುಗರು, ಅದರಲ್ಲೂ ಪ್ರವಾಸ ಕರೆದೊಯ್ಯುವ ಶಿಕ್ಷಕರು, ಈ ದಾರಿಯನ್ನು ನೋಡುವುದಾದರೆ ಕೆಳಗಿನಿಂದ ಮೇಲಕ್ಕೆ ನೋಡಬೇಕು. ನಗರದ ಕೋಟೆಯಿಂದ ಶುರು ಮಾಡಿದರೆ ಏನೂ ತಿಳಿಯದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಘಾಟಿಯ ಹುಲಿಕಲ್ ಬಳಿ ಮಂಜು, ಗುಡ್ಡ ಜರಿಯುವ ಭಯ, ಇಂಬಳ. ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡು ಇಳಿತದ ಹೊತ್ತಿಗೆ ಗಂಗೊಳ್ಳಿ ಅಳಿವೆಯಲ್ಲಿರಿ, ಅಲೆ ಒಡೆಯುವ ಸಾಲು ನೋಡಿದರೆ ಮರಳದಿಬ್ಬ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಬಹುದು. ಅಲ್ಲಿಂದ ಸಿದ್ದಾಪುರ, ಹೊಸಂಗಡಿ. ವಾರಾಹಿ ವಿದ್ಯುದಾಗಾರದ ಆ ಕಣಿವೆಯಲ್ಲಿ ನಿಂತು ತಲೆಯೆತ್ತಿದರೆ ಹತ್ತಬೇಕಾದ ಗೋಡೆ ಎದುರಿಗಿದೆ. ಈಗಿನ ಡಾಂಬರು ರಸ್ತೆಯ ತಿರುವುಗಳು ಲಾರಿಗಾಗಿ ಕಡಿದವು, ಎತ್ತಿನ ದಾರಿ ಇನ್ನೂ ನೇರ, ಇನ್ನೂ ಕಡಿದು. ಅದನ್ನು ಹುಡುಕಿ ಕಾಡಿಗೆ ನುಗ್ಗಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು. ಕೊನೆಗೆ ನಗರದ ಕೋಟೆಯ ಎತ್ತರದ ಜಾಗ ಹತ್ತಿ, ಪಶ್ಚಿಮಕ್ಕೆ ಮುಖ ಮಾಡಿ, ಅಕ್ಕಿ ಬರುವ ದಾರಿ ಯಾವುದು ಎಂದು ಮಕ್ಕಳನ್ನೇ ಕೇಳಿ.

ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟು. ಅಳಿವೆ, ಹೊಸಂಗಡಿ, ಘಾಟಿಯ ನೆತ್ತಿ, ನಗರದ ಕೋಟೆ, ಆನಂದಪುರ, ಈ ಐದು ಕಡೆ ಕನ್ನಡದಲ್ಲಿ ಫಲಕ ಹಾಕಲಿ. ಪ್ರತಿ ಫಲಕದಲ್ಲಿ ಆ ಜಾಗದ ದಿನಾಂಕ, ಹಿಂದಿನ ಮತ್ತು ಮುಂದಿನ ಜಾಗಕ್ಕೆ ಇರುವ ದೂರ, ಏರು ಎಷ್ಟು ಅಡಿ, ಮತ್ತು ಐದೂ ಜಾಗ ತೋರಿಸುವ ಒಂದೇ ನಕ್ಷೆ ಇರಲಿ. ಶಿವಪ್ಪನಾಯಕನ ಕಾಲದ ವಿವರಣೆಯನ್ನು ತೆಗೆಯಬೇಕಾಗಿಲ್ಲ, ಅದರ ಪಕ್ಕದಲ್ಲಿ 1783ನ್ನೂ ಸೇರಿಸಿದರೆ ಸಾಕು. ನಿಮ್ಮ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ನಕ್ಷೆಯನ್ನು ನೀವೇ ಮೊದಲು ಅಚ್ಚು ಹಾಕಿದರೆ ಹೊಸನಗರ, ಸಾಗರ, ಕುಂದಾಪುರ ತಾಲ್ಲೂಕುಗಳ ಶಾಲೆಗಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತವೆ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಓದುಗ
ಶಿವಮೊಗ್ಗ ಜಿಲ್ಲೆ